ಶ್ರುತಿ ಇಳಿಸಿದ ಅಕ್ಕ

ಫೋನಿನಲ್ಲಿ ಅಕ್ಕನನ್ನು ಎಲ್ಲರೂ ಸಾರ್ ಎಂದೇ ಕರೆಯುತ್ತಾರೆ. ತಪ್ಪು ಅವರದಲ್ಲ, ಗಂಟಲು ಹಾಗಿದೆ. ನೆಗಡಿ ಬಂದ ಗಂಡಸಿನ ದನಿ ಎಂದರೆ ಯಾರೂ ಅನುಮಾನಪಡುವುದಿಲ್ಲ. ಮೊದಮೊದಲು ಅಕ್ಕ ತಿದ್ದುತ್ತಿದ್ದಳು. ಸಾರ್ ಎಂದುಕೊಂಡಷ್ಟು ಹೊತ್ತು, ಹಾಡಿನ ಕಾರ್ಯಕ್ರಮಕ್ಕೆ ಜಾಗ ಕೊಡುವ ಸಭಾಂಗಣದವರು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ, ಮೇಡಂ ಎಂದು ಗೊತ್ತಾದ ಕೂಡಲೇ ನಿಮ್ಮಲ್ಲಿ ಗಂಡಸರು ಯಾರಾದರೂ ಇದ್ದರೆ ಕೊಡಿ ಎನ್ನುತ್ತಾರೆ. ಇದು ಅರ್ಥವಾದ ಮೇಲೆ ತಿದ್ದುವ ಕೆಲಸಕ್ಕೆ ಎಳ್ಳುನೀರು ಬಿಟ್ಟಳು. ಕಾರ್ಯಕ್ರಮದ ದಿನ ಎದುರಿಗೆ ಹೋಗಿ ನಿಂತು ‘ನಾನೇ ಆ ಸಾರ್’ ಎಂದಾಗ ಅವರ ಮುಖ ಪೆಚ್ಚಾಗುವುದನ್ನು ನೋಡುವುದು ಅವಳ ಬಾಳಿನ ಸಣ್ಣ ಸುಖಗಳಲ್ಲಿ ಒಂದು.

ಇದೇ ಗಂಟಲು ಒಂದು ಕಾಲದಲ್ಲಿ ಪ್ರತಿ ಬಸ್ಸಿನಲ್ಲಿ, ಪ್ರತಿ ಕ್ಷೌರದಂಗಡಿಯಲ್ಲಿ, ಮದುವೆಮನೆಗಳ ಧ್ವನಿವರ್ಧಕಗಳಲ್ಲಿ ಕೇಳುತ್ತಿತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ನಂಬಿಸಲು ಅಕ್ಕ ಹೋಗುವುದೂ ಇಲ್ಲ. ಹಳೆಯ ಕ್ಯಾಸೆಟ್ಟಿನ ಮೇಲಿನ ಚಿತ್ರ ತೋರಿಸಿ ‘ಇದು ನಾನು’ ಎಂದು ಹೇಳಿಕೊಂಡು ತಿರುಗುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು.

ಅವಳು ಹಾಡುಗಾರ್ತಿಯಾಗಬೇಕೆಂದು ಯಾರೂ ಯೋಚಿಸಿರಲಿಲ್ಲ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು, ಅಮ್ಮ ಹೊಲಿಗೆ. ಹೊಲಿಗೆ ಯಂತ್ರ ತಂಗಿಯ ಪಾಲಿಗೆ ಬಂತು. ಅಕ್ಕ ಮಾರುಕಟ್ಟೆ ಬೀದಿಯ ಕ್ಯಾಸೆಟ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಬರುವ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ತಮಗೆ ಬೇಕಾದ ಹಾಡಿನ ಹೆಸರು ಗೊತ್ತಿರುತ್ತಿರಲಿಲ್ಲ. ‘ಅದೇ ರೀ, ಮಧ್ಯದಲ್ಲಿ ಕೊಳಲು ಬರುತ್ತಲ್ಲ’ ಎಂದು ಕೈ ಆಡಿಸುತ್ತಾ ನಿಲ್ಲುತ್ತಿದ್ದರು. ಅಕ್ಕ ಒಂದು ಸಾಲು ಹಾಡುತ್ತಿದ್ದಳು, ಅದಲ್ಲ ಎಂದರೆ ಇನ್ನೊಂದು. ಹೀಗೆ ಹಾಡುತ್ತಾ ಹುಡುಕುತ್ತಾ ಕೊನೆಗೆ ಸರಿಯಾದ ಕ್ಯಾಸೆಟ್ಟನ್ನು ಮೇಲಿನ ಖಾನೆಯಿಂದ ಇಳಿಸಿ ಕೈಗೆ ಕೊಡುತ್ತಿದ್ದಳು. ಕೆಲವರು ಹೆಸರು ಗೊತ್ತಿದ್ದೂ ಮರೆತವರಂತೆ ನಟಿಸುತ್ತಿದ್ದರು. ಹಾಗೆ ನಿಂತು ಕೇಳಿಸಿಕೊಂಡವರಲ್ಲಿ ಕ್ಯಾಸೆಟ್ ಕಂಪನಿಯ ಯಜಮಾನನೂ ಒಬ್ಬ. ಅವನಿಗೆ ಹೊಸ ದನಿ ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಹೇಳಿದಂತೆ ಕೇಳುವ ಹುಡುಗಿ ಬೇಕಾಗಿತ್ತು.

ಅವನು ಹಾಡಲು ಕೊಟ್ಟದ್ದು ಬಸ್ ನಿಲ್ದಾಣದಲ್ಲಿ ಯಾರನ್ನೋ ಕಾಯುವ ಹುಡುಗಿಯ ಹಾಡು. ಗೋಡೆಗೆಲ್ಲ ಕಂಬಳಿ ಹೊಡೆದಿದ್ದ ಕೋಣೆಯೊಂದರಲ್ಲಿ, ಬೆವರು ಸುರಿಯುತ್ತಿದ್ದರೂ ಸದ್ದಾಗುತ್ತದೆಂದು ಫ್ಯಾನು ಹಾಕದೆ, ಅಕ್ಕ ಅದನ್ನು ಹಾಡಿ ಬಂದಳು. ಚೆನ್ನಾಗಿಯೇ ಹಾಡಿದಳು. ಅವಳದು ತುಂಬಿದ ದನಿ, ಅಡುಗೆಮನೆಯಲ್ಲಿ ಗುನುಗಿದರೆ ಬೀದಿಬಾಗಿಲಿಗೆ ಕೇಳಿಸುವಂಥದು. ಯಜಮಾನ ಬೆನ್ನು ತಟ್ಟಿ ಕಳಿಸಿದ. ಅವಳು ಮೆಟ್ಟಿಲಿಳಿದು ಹೋದ ಮೇಲೆ ರೆಕಾರ್ಡಿಂಗ್ ಮಾಡುವವನಿಗೆ ಏನು ಹೇಳಿದನೆಂಬುದು ಅವಳಿಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ದನಿ ಸ್ವಲ್ಪ ದಪ್ಪ, ಹದಿನಾರರ ಹುಡುಗಿಯ ಹಾಗೆ ಕೇಳಬೇಕು, ಟೇಪನ್ನು ಒಂದಿಷ್ಟು ಜೋರಾಗಿ ಓಡಿಸು ಎಂದಿದ್ದನಂತೆ. ಟೇಪು ಜೋರಾಗಿ ಓಡಿದರೆ ಹಾಡಿನ ವೇಗವೂ ಏರುತ್ತದೆ, ಶ್ರುತಿಯೂ ಏರುತ್ತದೆ. ಶ್ರುತಿಯನ್ನು ಈ ಕಸುಬಿನವರು ಮನೆಗಳಲ್ಲಿ ಅಳೆಯುತ್ತಾರೆ. ಕೀಬೋರ್ಡಿನ ಒಂದು ಬಿಳಿ ಪಟ್ಟಿಯಿಂದ ಪಕ್ಕದ ಕರಿ ಪಟ್ಟಿಗೆ ಹೋದರೆ ಅರ್ಧ ಮನೆ. ಅಕ್ಕನ ಹಾಡು ಪೂರ್ತಿ ಒಂದು ಮನೆ ಮೇಲೇರಿ ಕುಳಿತಿತು.

ಕ್ಯಾಸೆಟ್ಟು ಕೈಗೆ ಬಂದಾಗ ಅಂಗಡಿಯ ಪ್ಲೇಯರಿಗೇ ಹಾಕಿ ಕೇಳಿದಳು. ತನ್ನದೇ ದನಿ, ಆದರೆ ಯಾರೋ ಒಗೆದು ಇಸ್ತ್ರಿ ಮಾಡಿ ಕೊಟ್ಟ ಹಾಗಿತ್ತು. ಸ್ಟುಡಿಯೋದ ಯಂತ್ರಗಳ ಚಮತ್ಕಾರ ಇರಬೇಕು ಎಂದುಕೊಂಡು ಹಿಗ್ಗಿದಳು. ತಂಗಿ ಮಾತ್ರ ಮೂಗು ಮುರಿದಳು.

“ನೀನು ಇಷ್ಟು ತೆಳ್ಳಗೆ ಯಾವಾಗ ಹಾಡ್ದೆ? ಅವರು ಊಟ ಹಾಕ್ಲಿಲ್ವಾ?”

ಊಟ ಹಾಕದವರೇ ಎಂದು ಇಬ್ಬರೂ ನಕ್ಕರು. ಹಾಡು ಗೆದ್ದಿತು. ಗೆದ್ದಿತು ಎಂದರೆ ಸಾಲದು, ಜನ ಅದನ್ನು ತಲೆಯ ಮೇಲೆ ಹೊತ್ತು ಮೆರೆದರು. ತಂಗಿ ಹೊಲಿದುಕೊಟ್ಟ ಹಳದಿ ಲಂಗ ತೊಟ್ಟು ಅಕ್ಕ ಊರೂರು ತಿರುಗಿದಳು. ವಾದ್ಯದವರೆಲ್ಲ ಕ್ಯಾಸೆಟ್ ಕೇಳಿಯೇ ಹಾಡು ಕಲಿತವರು, ಆದ್ದರಿಂದ ಕ್ಯಾಸೆಟ್ಟಿನ ಶ್ರುತಿಯಲ್ಲೇ ನುಡಿಸುತ್ತಿದ್ದರು. ಚರಣದ ಕೊನೆಯಲ್ಲಿ ಮೇಲಕ್ಕೆ ಹೋಗುವ ಸಾಲೊಂದಿತ್ತು. ವೇದಿಕೆಯ ಮೇಲೆ ಆ ಸಾಲು ಬಂದಾಗಲೆಲ್ಲ ಅಕ್ಕನ ಕತ್ತಿನ ನರ ಬಿಗಿದುಕೊಳ್ಳುತ್ತಿತ್ತು. ರೆಕಾರ್ಡಿನಲ್ಲಿ ಬಂದದ್ದು ಇಲ್ಲೇಕೆ ಬರುತ್ತಿಲ್ಲ? ತಾನೇ ಹಾಡಿದ್ದಲ್ಲವೆ? ಯೋಚಿಸಿ ಯೋಚಿಸಿ ಅವಳು ಕಂಡುಕೊಂಡ ಉತ್ತರ ಒಂದೇ: ತನಗೆ ಸಾಧನೆ ಸಾಲದು, ವೇದಿಕೆಯ ಭಯ ಹೋಗಿಲ್ಲ, ತಾನು ಸೋಮಾರಿ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಬೆಳಗಿನ ಹೊತ್ತು ದಿಂಬಿಗೆ ಮುಖ ಒತ್ತಿಕೊಂಡು ಆ ಸಾಲನ್ನೇ ಅಭ್ಯಾಸ ಮಾಡಿದಳು. ಹೀಗೆ ವರ್ಷಗಟ್ಟಲೆ ತನ್ನದಲ್ಲದ ತನ್ನ ದನಿಯನ್ನು ಅಟ್ಟಿಸಿಕೊಂಡು ಓಡಿದಳು ಪಾಪ.

ಗಂಟಲು ಎಷ್ಟು ದಿನ ತಡೆದೀತು? ಮೊದಲು ಬೆಳಗಿನ ಹೊತ್ತು ಒಡೆಯಿತು, ಆಮೇಲೆ ಸಂಜೆಯೂ. ವೈದ್ಯರು ಕನ್ನಡಿ ಇಳಿಸಿ ನೋಡಿ, ದನಿ ಹೊರಡುವ ಜಾಗದಲ್ಲಿ ಸಾಸಿವೆ ಕಾಳಿನಂಥ ಗಂಟಾಗಿದೆ, ತೆಗೆಯಬೇಕು ಎಂದರು. ತೆಗೆದರು. ಕೆಲವು ವಾರ ತುಟಿ ಪಿಟಕ್ಕೆನ್ನಬಾರದೆಂದು ಅಪ್ಪಣೆಯಾಗಿತ್ತು. ಆ ದಿನಗಳಲ್ಲಿ ಇಬ್ಬರ ಮಾತನ್ನೂ ತಂಗಿಯೇ ಆಡಿದಳು. ಪ್ರಶ್ನೆಯನ್ನೂ ಅವಳೇ ಕೇಳಿ, ಅಕ್ಕನ ಪರವಾಗಿ ಉತ್ತರವನ್ನೂ ಕೊಟ್ಟು, ಕೆಲವೊಮ್ಮೆ ಅಕ್ಕನ ಪರವಾಗಿ ತನ್ನನ್ನೇ ಬೈದುಕೊಂಡಳು. ದನಿ ವಾಪಸು ಬಂದಾಗ ಮಾತಿಗೆ ಬೇಕಾದಷ್ಟು ಬಂತು. ಹಾಡಿನ ಮೇಲರ್ಧ ಬರಲಿಲ್ಲ. ಕಂಪನಿಯ ಯಜಮಾನ ಒಮ್ಮೆ ನೋಡಿಕೊಂಡು ಹೋಗಿ ಕೈತೊಳೆದುಕೊಂಡ. ಹಳದಿ ಲಂಗದಲ್ಲಿ ಇನ್ನೊಬ್ಬ ಹುಡುಗಿ ಬಂದಳು.

ಟೇಪಿನ ಸಂಗತಿ ತಿಳಿದದ್ದು ಇದಾದ ಎಷ್ಟೋ ಕಾಲದ ಮೇಲೆ. ರೆಕಾರ್ಡಿಂಗ್ ಮಾಡುತ್ತಿದ್ದವನು ಕೆಲಸದಿಂದ ನಿವೃತ್ತನಾಗುವ ದಿನ ಅವನಿಗೊಂದು ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ಎರಡು ಮಾತು ಆಡಬೇಕೆಂದು ಅಕ್ಕನನ್ನೂ ಕರೆದಿದ್ದರು. ಸಭೆ ಶುರುವಾಗುವ ಮುಂಚೆ ಅವನು ಟೀ ಕುಡಿಯುತ್ತಾ, ಹಳೆಯ ತಮಾಷೆಯೊಂದನ್ನು ನೆನೆದವನಂತೆ ನಗುನಗುತ್ತಾ ಹೇಳಿಬಿಟ್ಟ. ಎಲ್ಲ ನಿನ್ನ ಒಳ್ಳೆಯದಕ್ಕೇ ಮಾಡಿದ್ದು ತಾಯಿ, ಹಾಗೆ ಮಾಡದಿದ್ದರೆ ಆ ಹಾಡು ಓಡುತ್ತಿರಲಿಲ್ಲ ಎಂದ. ದಿಂಬಿಗೆ ಮುಖ ಒತ್ತಿ ಹಾಡಿದ ಬೆಳಗುಗಳೆಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ತಾನು ಸೋಮಾರಿಯಾಗಿರಲಿಲ್ಲ. ತನಗೆ ಭಯವೂ ಇರಲಿಲ್ಲ. ಆ ಶ್ರುತಿಯಲ್ಲಿ ತಾನು ಯಾವತ್ತೂ ಹಾಡಿಯೇ ಇರಲಿಲ್ಲ. ಅವತ್ತು ಮನೆಗೆ ಬರುವಾಗ ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿ ನಡೆದುಕೊಂಡು ವಾಪಸು ಬಂದಳು. ತಂಗಿಗೂ ಹೇಳಲಿಲ್ಲ. ಹೇಳಿದರೆ ಅವಳು ಆ ಮನುಷ್ಯನ ಮನೆಬಾಗಿಲಿಗೆ ಹೋಗಿ ರಂಪ ಮಾಡಿಯಾಳು ಎಂಬ ಹೆದರಿಕೆ ಒಂದು. ಯಂತ್ರವೊಂದರ ಬೆನ್ನು ಹತ್ತಿ ಗಂಟಲು ಕಳೆದುಕೊಂಡ ದಡ್ಡಿ ಎನ್ನಿಸಿಕೊಳ್ಳುವ ನಾಚಿಕೆ ಇನ್ನೊಂದು. ನಾಚಿಕೆಯೇ ದೊಡ್ಡದು.

ಅಷ್ಟು ಹೊತ್ತಿಗೆ ಅವಳು ಹಾಡುವವರಿಗೆ ಕಾರ್ಯಕ್ರಮ ಗೊತ್ತುಮಾಡಿಕೊಡುವ ಮ್ಯಾನೇಜರ್ ಆಗಿದ್ದಳು. ಅದಕ್ಕೂ ಯಾರೂ ಮುಹೂರ್ತ ಇಟ್ಟಿರಲಿಲ್ಲ. ಪರಿಚಯದ ಹಾಡುಗಾರ್ತಿಯೊಬ್ಬಳು ಸಭಾಂಗಣದವರ ಜೊತೆ ಮಾತಾಡಲು ಹೆದರಿ, ನೀನೇ ಒಂದು ಫೋನ್ ಮಾಡಿಕೊಡು ಎಂದಿದ್ದಳು. ಮಾಡಿಕೊಟ್ಟಳು. ಆಮೇಲೆ ಇನ್ನೊಬ್ಬಳು. ಹಾಡುವವರಿಗೆ ಏನು ಬೇಕು ಎಂಬುದು ಅಕ್ಕನಿಗೆ ಮೈಮೇಲೆ ಬರೆದಿಟ್ಟ ಹಾಗಿತ್ತು. ವೇದಿಕೆ ನೋಡುವ ಮುಂಚೆ ಅವಳು ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬಾಗಿಲ ಚಿಲಕ ಹಾಕಿ ತೆಗೆದು ನೋಡುತ್ತಿದ್ದಳು. ವೇದಿಕೆಗೆ ಹಾಸಿದ ಕಾರ್ಪೆಟ್ಟನ್ನು ಕಾಲಿನಿಂದ ಒಮ್ಮೆ ಕುಟ್ಟುತ್ತಿದ್ದಳು. ದೂಳೆದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವ ತನಕ ತನ್ನವರನ್ನು ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಸಂಘಟಕರು ಹಿಂದಿನಿಂದ ಹಲ್ಲು ಕಡಿಯುತ್ತಿದ್ದರು, ಎದುರಿಗೆ ಒರೆಸಿಕೊಡುತ್ತಿದ್ದರು. ಹಾಡುವವರ ವಲಯದಲ್ಲಿ ಅವಳಿಗೆ ಅಕ್ಕ ಎಂದೇ ಹೆಸರಾಯಿತು. ಅವಳಿಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದರು.

ಹೀಗಿರುವಾಗ ಬಟ್ಟೆ ಅಂಗಡಿಯೊಂದರ ಉದ್ಘಾಟನೆಯಲ್ಲಿ ಹಾಡಲು ಬಂದಿದ್ದ ಒಬ್ಬ ಹುಡುಗಿ ಅವಳ ಕಣ್ಣಿಗೆ ಬಿದ್ದಳು. ಯಾರೂ ಕೇಳುತ್ತಿರಲಿಲ್ಲ, ಎಲ್ಲರ ಗಮನ ರಿಯಾಯಿತಿಯ ಮೇಲಿತ್ತು. ಹುಡುಗಿ ಮಾತ್ರ ಸಾವಿರ ಜನರ ಎದುರು ನಿಂತವಳಂತೆ ಹಾಡುತ್ತಿದ್ದಳು. ತುಂಬಿದ ದನಿ. ಅಕ್ಕ ಅಲ್ಲೇ ನಿಂತು ಪೂರ್ತಿ ಕೇಳಿದಳು. ಹುಡುಗಿಯ ಅಪ್ಪ ವ್ಯಾನ್ ಓಡಿಸುತ್ತಿದ್ದರು, ತಾಯಿ ಇರಲಿಲ್ಲ. ನಮ್ಮ ಹುಡುಗಿಯ ಜವಾಬ್ದಾರಿ ನಿಮ್ಮದು ಎಂದು ಅಪ್ಪ ಅಕ್ಕನಿಗೆ ಒಪ್ಪಿಸಿದರು. ಮದುವೆ ಮಕ್ಕಳು ಎಂದು ಏನೂ ಮಾಡಿಕೊಳ್ಳದ ಅಕ್ಕ ಆ ಮಾತನ್ನು ಸ್ವಲ್ಪ ಹೆಚ್ಚಾಗಿಯೇ ಮನಸ್ಸಿಗೆ ತೆಗೆದುಕೊಂಡಳು. ಉಳಿದವರನ್ನೆಲ್ಲ ಹೆಸರು ಹಿಡಿದು ಕರೆಯುವವಳು ಇವಳನ್ನು ಮಾತ್ರ ಮರೀ ಎಂದು ಕರೆದಳು.

ಮರಿಯ ಒಂದು ಹಾಡೂ ಗೆದ್ದಿತು. ಈಗ ಟೇಪು ಓಡಿಸುವ ಕಾಲ ಅಲ್ಲ. ಕಂಪ್ಯೂಟರಿನ ಮುಂದೆ ಕೂತವನು ಹುಡುಗಿಯಿಂದ ಒಂದೊಂದು ಸಾಲನ್ನು ಹತ್ತಾರು ಸಲ ಹಾಡಿಸಿಕೊಂಡು, ಚೆನ್ನಾಗಿ ಬಂದ ಚೂರುಗಳನ್ನು ಆರಿಸಿ ಜೋಡಿಸಿದ್ದ. ಇವಳ ಹಾಡಿನಲ್ಲೂ ಇದ್ದ, ಮೇಲಕ್ಕೆ ಹೋಗುವ ಸಾಲಿನ ಒಂದೊಂದು ಸ್ವರವನ್ನೂ ಬೇರೆ ಬೇರೆ ಉಸಿರಿನಿಂದ ತೆಗೆದು ಪೋಣಿಸಿದ್ದ. ಆ ಸಾಲನ್ನು ಒಂದೇ ಉಸಿರಿನಲ್ಲಿ ಹಾಡಿದವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಆದರೆ ಜನಕ್ಕೆ ಅದೇ ಬೇಕು. ಕಾರ್ಯಕ್ರಮಗಳು ಒಂದರ ಹಿಂದೊಂದು ಬಂದವು. ಒಂದು ಬೆಳಿಗ್ಗೆ ಹುಡುಗಿ ಫೋನಿನಲ್ಲಿ ‘ಅಕ್ಕಾ’ ಎಂದಳು. ಆ ಒಂದು ಮಾತಿನಲ್ಲಿ ಮರಳು ಸಿಕ್ಕಿದಂಥ ಸದ್ದಿತ್ತು. ಬೇರೆ ಯಾರಿಗೂ ಅದು ಕೇಳಿಸುತ್ತಿರಲಿಲ್ಲ. ಅಕ್ಕ ಆ ಸದ್ದನ್ನು ತನ್ನ ಗಂಟಲಿನಲ್ಲೇ ಕೇಳಿದ್ದವಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಮೊದಲು ನೇರವಾಗಿಯೇ ಹೇಳಿ ನೋಡಿದಳು. ಶ್ರುತಿ ಸ್ವಲ್ಪ ಇಳಿಸೋಣ ಮರೀ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಹುಡುಗಿ ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಮಾತಿನಲ್ಲೂ ಅರ್ಥವಿತ್ತು ಎನ್ನಬೇಕು. ಈಗ ಪ್ರತಿಯೊಬ್ಬರ ಕೈಯಲ್ಲೂ ಫೋನು. ವೇದಿಕೆಯ ಮೇಲಿನ ಹಾಡನ್ನೂ ರೆಕಾರ್ಡನ್ನೂ ಪಕ್ಕಪಕ್ಕ ಇಟ್ಟು, ಇವಳಿಗೆ ಮೇಲೆ ಹೋಗಲು ಬರುವುದಿಲ್ಲ, ಎಲ್ಲ ಕಂಪ್ಯೂಟರಿನ ಕರಾಮತ್ತು ಎಂದು ಉಪ್ಪುಖಾರ ಹಚ್ಚಿ ಹಾಕುವವರಿಗೇನು ಬರವೆ? ಇನ್ನೊಬ್ಬ ಹಾಡುಗಾರ್ತಿಗೆ ಹಾಗಾಗಿ ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಳು. ನನ್ನ ಅಭ್ಯಾಸ ಸಾಲದು ಅಕ್ಕ, ಇನ್ನೂ ಮಾಡುತ್ತೇನೆ ಎಂದಳು ಹುಡುಗಿ. ಒಂದು ಕಾಲದಲ್ಲಿ ಅಕ್ಕ ತನಗೆ ತಾನೇ ಹೇಳಿಕೊಂಡಿದ್ದ ಮಾತು ಇದು. ಅಲ್ಲೇ, ಆ ಗಳಿಗೆಯಲ್ಲೇ, ತನ್ನ ಕತೆಯನ್ನು ಹೇಳಿಬಿಡಬೇಕಿತ್ತು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು, ಗಂಟಲು ಜೋಪಾನ ಎಂದಷ್ಟೇ ಹೇಳಿ ಎದ್ದಳು.

ಆಮೇಲೆ ಅವಳು ಮಾಡಿದ ಕೆಲಸ, ವಾದ್ಯದವರ ನಡುವೆ ಇಷ್ಟು ವರ್ಷ ಬಾಳಿದವಳಿಗೆ ಮಾತ್ರ ಹೊಳೆಯುವಂಥದು. ಹುಡುಗಿಯ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ವಯಸ್ಸಾದವರು, ಅಕ್ಕನ ಕಾಲದಿಂದಲೂ ಇದ್ದವರು. ಹುಡುಗಿ ಅವರನ್ನು ಮಾವ ಎನ್ನುತ್ತಿದ್ದಳು. ಈಗಿನ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ನುಡಿಸುವ ಬೆರಳು ಬದಲಾಗದೆ ಶ್ರುತಿ ಇಳಿಯುತ್ತದೆ. ಗಿಟಾರಿನವನು ತಂತಿಗಳನ್ನು ಸ್ವಲ್ಪ ಸಡಿಲಿಸಿಕೊಂಡರೆ ಆಯಿತು. ಅಕ್ಕ ಮಾವನನ್ನು ಪಕ್ಕಕ್ಕೆ ಕರೆದು ಅರ್ಧ ಮನೆ ಇಳಿಸಿ ಎಂದಳು. ಹುಡುಗಿಗೆ ಹೇಳಬೇಡವೆ ಎಂದು ಅವರು ಕೇಳಿದರು. ಹೇಳಿದರೆ ಒಪ್ಪುವುದಿಲ್ಲ ಎಂದಳು ಅಕ್ಕ. ಮಾವ ಬಹಳ ಹೊತ್ತು ತಲೆ ಕೆರೆದುಕೊಂಡರು, ಕೊನೆಗೆ ಗುಂಡಿ ಒತ್ತಿದರು. ಅರ್ಧ ಮನೆ ಎಂದರೆ ಹಾಡುವವರ ಕಿವಿಗೂ ಥಟ್ಟನೆ ಹತ್ತುವುದಿಲ್ಲ, ಗಂಟಲಿಗೆ ಮಾತ್ರ ಹಗುರಾಗುತ್ತದೆ. ಕೇಳುವವರಿಗಂತೂ ಗೊತ್ತೇ ಆಗಲಿಲ್ಲ. ಮಾತಾಡಿಕೊಳ್ಳುತ್ತಾರೆಂದು ಹುಡುಗಿ ಹೆದರಿದ್ದ ಆ ಫೋನುಗಳ ಜನ ಒಬ್ಬರೂ ತುಟಿ ಬಿಚ್ಚಲಿಲ್ಲ. ಒಂದೆರಡು ತಿಂಗಳು ಬಿಟ್ಟು ಇನ್ನರ್ಧ ಮನೆ ಇಳಿಸಿದರು.

ಮರಳಿನ ಸದ್ದು ಹೋಯಿತು. ಹುಡುಗಿಯ ಮುಖಕ್ಕೆ ಕಳೆ ಬಂತು. ಈಗ ಮೇಲಿನ ಸಾಲು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರುತ್ತದೆ, ನನ್ನ ಅಭ್ಯಾಸ ಕೈಹಿಡಿಯಿತು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ಅಕ್ಕ ಕಿಟಕಿಯ ಕಡೆ ತಿರುಗಿಕೊಂಡಳು. ಖುಷಿಯೂ ಆಯಿತು, ಏನೋ ಚುಚ್ಚಿದ ಹಾಗೂ ಆಯಿತು. ಚುಚ್ಚಿದ್ದನ್ನು ಹೊಟ್ಟೆಗೆ ಹಾಕಿಕೊಂಡಳು. ಗಂಟಲು ಉಳಿದರೆ ಸಾಕು, ಉಳಿದದ್ದು ಏನಾದರೂ ಆಗಲಿ. ಬರೀ ರೆಕಾರ್ಡ್ ಹಾಕಿಕೊಂಡು ಅದರ ಮೇಲೆ ಹಾಡಬೇಕಾದ ಕಾರ್ಯಕ್ರಮ ಬಂದರೆ ಮಾತ್ರ, ಆ ದಿನ ಬಿಡುವಿಲ್ಲ ಎಂದು ಸಾರ್ ದನಿಯಲ್ಲಿ ಹೇಳಿಬಿಡುತ್ತಿದ್ದಳು. ರೆಕಾರ್ಡಿಗೆ ಗುಂಡಿ ಒತ್ತುವ ಮಾವ ಇರುವುದಿಲ್ಲವಲ್ಲ.

ಆದರೆ ಹುಡುಗಿಗೂ ತನ್ನದೇ ಆದ ಜನ ಇರುತ್ತಾರೆ. ಅವಳು ಓದಿದ ಶಾಲೆಯ ಮಕ್ಕಳು ವಾರ್ಷಿಕೋತ್ಸವಕ್ಕೆ ಅವಳ ಹಾಡಿಗೆ ಕುಣಿಯುತ್ತಿದ್ದರು. ಬಂದು ನೋಡಮ್ಮ ಎಂದು ಹಳೆಯ ಟೀಚರ್ ಕರೆದಿದ್ದರು. ಇದಕ್ಕೆಲ್ಲ ಮ್ಯಾನೇಜರನ್ನು ಕೇಳುವುದೇನು ಎಂದು ಹುಡುಗಿ ಅಪ್ಪನ ವ್ಯಾನಿನಲ್ಲೇ ಹೋದಳು. ಮಕ್ಕಳು ಕುಣಿದರು. ರೆಕಾರ್ಡ್ ನಡೆಯುತ್ತಿದ್ದಂತೆಯೇ ಟೀಚರ್ ಕೈಗೆ ಮೈಕು ಕೊಟ್ಟು ನೀನೂ ಹಾಡು ಎಂದರು. ಅವಳಿಗೇನು ಭಯ? ವೇದಿಕೆಯ ಮೇಲೆ ದಿನಾ ಹಾಡುವ ಹಾಡು. ಖುಷಿಯಿಂದ ಎತ್ತಿಕೊಂಡಳು. ಮೇಲಿನ ಸಾಲು ಬಂತು. ದನಿ ಅರ್ಧಕ್ಕೇ ಸೀಳಿ ನಿಂತಿತು. ಹಿಂದೆ ರೆಕಾರ್ಡಿನ ದನಿ ತನ್ನ ಪಾಡಿಗೆ ತಾನು ಮೇಲೆ ಹೋಯಿತು. ಮುಂದಿನ ಸಾಲಿನಲ್ಲಿ ಕೂತ ಚಿಕ್ಕ ಮಕ್ಕಳು ನಕ್ಕರು, ಪಾಪ ಅವರಿಗೇನು ಗೊತ್ತು. ಅಪ್ಪ ಮಾತ್ರ ನಗಲಿಲ್ಲ.

ಮಾರನೆಯ ಮಧ್ಯಾಹ್ನ ಅಕ್ಕ ಅಭ್ಯಾಸದ ಕೋಣೆಗೆ ಬಂದಾಗ ಏನೋ ಆಗಿದೆ ಎಂದು ಬಾಗಿಲಲ್ಲೇ ತಿಳಿಯಿತು. ಟೈರಿನ ಅಂಗಡಿಯ ಮೇಲಿನ ಕೋಣೆ ಅದು. ಕೆಳಗಿನ ರಬ್ಬರಿನ ವಾಸನೆ ಯಾವಾಗಲೂ ಮೇಲೆ ಬರುತ್ತಿತ್ತು. ಗಿಟಾರಿನವನು ನೆಲ ನೋಡುತ್ತಾ ಕೂತಿದ್ದ. ಮಾವ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿ, ಕೈ ಕಟ್ಟಿಕೊಂಡು ಗೋಡೆಗೊರಗಿದ್ದರು. ಹುಡುಗಿ ಕೇಳಿದ್ದಳು, ಅವರು ಹೇಳಿದ್ದರು. ಸುಳ್ಳು ಹೇಳುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ.

“ಇವರೆಲ್ಲರಿಗೂ ಗೊತ್ತಿತ್ತು ಅಲ್ವಾ ಅಕ್ಕ?” ಎಂದಳು ಹುಡುಗಿ. “ಡ್ರಮ್ ಬಾರಿಸೋನಿಗೂ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರ್ಲಿಲ್ಲ.”

“ಹೌದು ಮರೀ.”

“ಯಾಕೆ?”

ಆಗ ಅಕ್ಕ ಹೇಳಿದಳು. ಕ್ಯಾಸೆಟ್ ಅಂಗಡಿಯಿಂದ ಶುರುಮಾಡಿ, ಜೋರಾಗಿ ಓಡಿದ ಟೇಪು, ದಿಂಬು, ಸಾಸಿವೆ ಕಾಳಿನಂಥ ಗಂಟು, ಎಲ್ಲವನ್ನೂ. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಎಲ್ಲರ ಎದುರಿಗೆ ಆ ಒರಟು ದನಿಯಲ್ಲಿ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಧೈರ್ಯ ಬಂತು. ಇನ್ನು ಹುಡುಗಿಗೆ ಅರ್ಥವಾಗುತ್ತದೆ, ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಳು. ಹುಡುಗಿ ಅತ್ತದ್ದು ನಿಜ. ಹತ್ತಿರ ಬಂದು ಅಕ್ಕನ ಕೈ ಹಿಡಿದುಕೊಂಡದ್ದೂ ನಿಜ. ಆಮೇಲೆ ಮೂಗು ಒರೆಸಿಕೊಂಡು, ದನಿ ಏರಿಸದೆ ಮಾತಾಡಿದಳು.

“ನನಗೆ ತುಂಬಾ ಸಂಕಟ ಆಗ್ತಿದೆ ಅಕ್ಕ. ಇದನ್ನ ಅವತ್ತೇ ಹೇಳಿದ್ರೆ ನಾನೇ ಇಳಿಸ್ತಿದ್ನಲ್ಲ. ನೀವು ಹೇಳ್ಲಿಲ್ಲ. ನಾನು ಅಪ್ಪನ ಹತ್ರ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ, ನೀವು ಪಕ್ಕದಲ್ಲೇ ಕೂತಿದ್ರಿ.”

“ನಿನ್ನ ಒಳ್ಳೇದಕ್ಕೇ ಮಾಡಿದ್ದು ಮರೀ.”

“ಗೊತ್ತು. ನಿಮ್ಮ ಟೇಪ್ ಓಡಿಸಿದೋನೂ ಹಾಗೇ ಅಂದ್ನಲ್ಲ.”

ಹುಡುಗಿ ಅಕ್ಕನ ಕೈ ಬಿಟ್ಟಳು.

“ಅವರು ನಿಮ್ಮನ್ನ ಕೇಳ್ದೆ ಮೇಲೆತ್ತಿದ್ರು, ನೀವು ನನ್ನ ಕೇಳ್ದೆ ಕೆಳಗಿಳಿಸಿದ್ರಿ,” ಎಂದಳು ಹುಡುಗಿ. “ಗಂಟಲು ನನ್ನದು ಅಕ್ಕ.”

ಇಷ್ಟು ಹೇಳಿ ಅವಳು ಮಾವನ ಕಡೆ ತಿರುಗಿ, ಕೀಬೋರ್ಡಿನ ಬಟ್ಟೆ ತೆಗೆಯಿರಿ ಎಂದಳು. ರೆಕಾರ್ಡಿನ ಶ್ರುತಿಯಿಂದ ಶುರುಮಾಡಿಸಿದಳು. ಮೇಲಿನ ಸಾಲನ್ನು ಹಾಡುವುದು, ಬೇಡ ಎನ್ನುವುದು, ಅರ್ಧ ಮನೆ ಇಳಿಸಿ ಮತ್ತೆ ಹಾಡುವುದು. ಒಂದೊಂದು ಸಲವೂ ಕತ್ತಿನ ಮೇಲೆ ತನ್ನ ಕೈಯನ್ನೇ ಇಟ್ಟುಕೊಂಡು ನರ ಬಿಗಿಯುತ್ತದೆಯೇ ಎಂದು ನೋಡಿಕೊಂಡಳು. ಅಕ್ಕ ಇಳಿಸಿದ್ದ ಶ್ರುತಿ ಬಂತು. ಅಲ್ಲೂ ಅವಳು ನಿಲ್ಲಲಿಲ್ಲ. ಇನ್ನರ್ಧ ಮನೆ ಕೆಳಗೆ ಹೋಗಿ, ಆ ಸಾಲನ್ನು ಒಂದೇ ಉಸಿರಿನಲ್ಲಿ, ಬಟ್ಟೆ ಅಂಗಡಿಯ ಬಾಗಿಲಲ್ಲಿ ಕೇಳಿಸಿದ ಅದೇ ತುಂಬು ದನಿಯಲ್ಲಿ ಹಾಡಿ, ಇದು ಎಂದಳು. ಮಾವ ಸುಮ್ಮನೆ ತಲೆಯಾಡಿಸಿದರು. ಜನ ಏನಾದರೂ ಅಂದುಕೊಳ್ಳಲಿ, ಮುಂದಿನ ಕಾರ್ಯಕ್ರಮದಲ್ಲಿ ನಾನೇ ಮೊದಲು ಹೇಳಿ ಆಮೇಲೆ ಹಾಡುತ್ತೇನೆ ಎಂದಳು.

ಅಕ್ಕ ಗೋಡೆಯ ಪಕ್ಕ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವಳಿಗೆ ಇಷ್ಟು ಸಂತೋಷವಾಗಿ ವರ್ಷಗಳೇ ಆಗಿದ್ದವು. ಹುಡುಗಿ ಅವಳ ಹತ್ತಿರ ಬಂದಳು.

“ನಾಳೆಯಿಂದ ಬರ್ಬೇಡಿ ಅಕ್ಕ. ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಇನ್ಮೇಲೆ ಚೆನ್ನಾಗಿ ಹಾಡಿದಾಗ್ಲೆಲ್ಲ, ಇದು ನಾನೇನಾ, ಇಲ್ಲ ಅಕ್ಕ ಏನಾದ್ರೂ ಮಾಡಿದಾರಾ ಅಂತ ಅನ್ನಿಸ್ತಾನೇ ಇರುತ್ತೆ. ಹಾಗೆ ನನ್ನ ಕೈಲಿ ಹಾಡೋಕಾಗಲ್ಲ.”

ಅಕ್ಕ ವಾದ ಮಾಡಲಿಲ್ಲ. ಒಪ್ಪಿಕೊಂಡಿದ್ದ ಕಾರ್ಯಕ್ರಮಗಳ ವಿವರವನ್ನೆಲ್ಲ ಮಾವನಿಗೆ ಬಾಯಲ್ಲಿ ಹೇಳಿ, ಯಾವ ಸಭಾಂಗಣದವರು ಮಾತಿಗೆ ತಪ್ಪುತ್ತಾರೆ, ಯಾರನ್ನು ಎರಡು ಸಲ ಕೇಳಬೇಕು ಎಂದು ತಿಳಿಸಿ ಮೆಟ್ಟಿಲಿಳಿದಳು. ಗಿಟಾರಿನವನು ಕೆಳಗಿನವರೆಗೂ ಬಂದ. ಅಕ್ಕನೇ ಅವನ ಭುಜ ತಟ್ಟಿ ಮೇಲೆ ಕಳಿಸಿದಳು.

ಮನೆಯಲ್ಲಿ ತಂಗಿ ಕಿಟಕಿಯ ಬೆಳಕಿಗೆ ಯಂತ್ರ ಎಳೆದುಕೊಂಡು ಯಾರದೋ ಕೋಟಿಗೆ ತೋಳು ಹಚ್ಚುತ್ತಿದ್ದಳು. ಇಷ್ಟು ಬೇಗ ಬಂದೆಯಲ್ಲ, ದಾರಿ ತಪ್ಪಿತೆ ಎಂದು ತಲೆಯೆತ್ತದೆ ಕೇಳಿದಳು. ಕೆಲಸ ಹೋಯಿತು ಎಂದಳು ಅಕ್ಕ. ಯಂತ್ರ ನಿಂತಿತು. ಅಕ್ಕ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತು ಎಲ್ಲವನ್ನೂ ಹೇಳಿದಳು. ಮೊದಲು ಹುಡುಗಿಯ ಸಂಗತಿ, ಅದು ಅರ್ಥವಾಗಬೇಕಾದರೆ ಬೇಕಾಗಿದ್ದರಿಂದ ಆಮೇಲೆ ಟೇಪಿನ ಸಂಗತಿ. ತಂಗಿ ಟೇಪಿನ ಮಾತು ಕೇಳಿ ಬಿಳಿಚಿಕೊಂಡಳು, ಹುಡುಗಿಯ ಮಾತು ಕೇಳಿ ಕೆಂಪಾದಳು. ಎಂದೋ ಸತ್ತುಹೋಗಿದ್ದ ಕಂಪನಿಯ ಯಜಮಾನನಿಗೆ ಮನಸಾರೆ ಶಾಪ ಹಾಕಿ, ಬದುಕಿರುವ ಹುಡುಗಿಯ ಮೇಲೆ ತಿರುಗಿದಳು.

“ಅವಳ ಗಂಟಲು ಉಳಿಸಿದ್ದು ನೀನು. ನಿನ್ನನ್ನೇ ಹೊರಗೆ ಹಾಕಿದ್ಲಾ? ಎಷ್ಟು ಸೊಕ್ಕು ಅವಳಿಗೆ.”

“ಬೈಬೇಡ ಕಣೆ. ಅವಳು ಹೇಳಿದ್ದು ಸರಿಯಾಗೇ ಇದೆ.”

“ಗಂಟಲು ಉಳೀತು ತಾನೇ?”

“ಉಳೀತು. ಇನ್ನು ಅದಕ್ಕೇನೂ ಆಗಲ್ಲ. ಅವಳೇ ನೋಡ್ಕೋತಾಳೆ.”

“ಮತ್ತೆ ಯಾಕೆ ಅಳ್ತಿದೀಯ?”

ತಾನು ಅಳುತ್ತಿರುವುದು ಅಕ್ಕನಿಗೆ ಗೊತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

“ಆ ಮನುಷ್ಯ ಟೀ ಕುಡೀತಾ ಟೇಪಿನ ವಿಷಯ ಹೇಳಿದ್ನಲ್ಲ, ಅದಾದ್ಮೇಲೆ ನನ್ನನ್ನ ಮೈಕಿನ ಮುಂದೆ ಕರೆದ್ರು,” ಎಂದಳು. “ನಾನು ಹೋಗಿ ನಿಂತು, ಇವರಿಲ್ಲದಿದ್ರೆ ನಾನಿಲ್ಲ, ಇವರಿಗೆ ನಾನು ಯಾವತ್ತೂ ಋಣಿ ಅಂದೆ. ಜನ ಚಪ್ಪಾಳೆ ತಟ್ಟಿದ್ರು. ಗಂಟಲು ನನ್ನದು ಅನ್ನೋ ಮಾತು ನನ್ನ ಬಾಯಿಗೆ ಬರ್ಲೇ ಇಲ್ಲ ಕಣೆ. ಇವತ್ತು ಆ ಹುಡುಗಿ ಹೇಳಿದ್ಮೇಲೆ ಗೊತ್ತಾಯ್ತು, ಹಾಗೆ ಹೇಳ್ಬಹುದು ಅಂತ.”

ತಂಗಿ ಮಡಿಲಲ್ಲಿದ್ದ ಕೋಟನ್ನು ಪಕ್ಕಕ್ಕಿಟ್ಟು, ಎದ್ದು ಬಂದು, ಅಕ್ಕನ ಜೊತೆ ನೆಲದ ಮೇಲೆ ಕೂತಳು.